ಹ್ಯಾಂಡ್‌ಪ್ಲೇನ್ ಹಿಡಿತಕ್ಕೆ ಮೇಣವೋ, ಪ್ಯಾಡೋ, ಉಪ್ಪಿನ ಕುಳಿಯೋ?

ಬಾಡಿಸರ್ಫಿಂಗ್‌ನಲ್ಲಿ, ಅಂದರೆ ಸರ್ಫ್‌ಬೋರ್ಡ್ ಇಲ್ಲದೆ ಮೈಯಿಂದಲೇ ಅಲೆಯ ಮೇಲೆ ಸಾಗುವ ಆಟದಲ್ಲಿ, ಅಂಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಪುಟ್ಟ ಹಲಗೆಯೇ ಹ್ಯಾಂಡ್‌ಪ್ಲೇನ್. ಅದು ಕೈಯಿಂದ ಜಾರುತ್ತದೆ ಎಂದು ದೂರುವವರು ಮೊದಲು ಮಾಡುವ ಕೆಲಸ ಪಟ್ಟಿಯನ್ನು ಬಿಗಿಯುವುದು. ಬಿಗಿದಷ್ಟೂ ಬೆರಳು ಜೋಮು ಹಿಡಿಯುತ್ತದೆ. ಹಲಗೆ ಮಾತ್ರ ತನ್ನ ಚಾಳಿ ಬಿಡುವುದಿಲ್ಲ. ಏಕೆಂದರೆ ಅದು ನಿಜವಾಗಿ ಜಾರುತ್ತಿಲ್ಲ, ತಿರುಗುತ್ತಿದೆ. ಅಲೆಯ ಮುಖದ ಮೇಲೆ ಓರೆಯಾಗಿ ಸಾಗುವಾಗ ಹಲಗೆಯ ಒಂದು ಅಂಚು ನೀರನ್ನು ಕಚ್ಚಿರುತ್ತದೆ, ಇನ್ನೊಂದು ಅಂಚು ನೀರಿನಿಂದ ಮೇಲೆದ್ದಿರುತ್ತದೆ. ಕಚ್ಚಿದ ಅಂಚನ್ನು ನೀರು ಹಿಂದಕ್ಕೆಳೆಯುತ್ತದೆ. ಆಗ ಅಂಗೈ ಬೆನ್ನಿನ ಮೇಲೆ ಹಾದ ಪಟ್ಟಿಯೇ ತಿರುಗಣಿಯಾಗಿ, ಹಲಗೆ ಅದರ ಸುತ್ತ ಹೊರಳುತ್ತದೆ. ತಿರುಗಣಿಯ ಪಕ್ಕದಲ್ಲಿ ಎಷ್ಟು ಮೇಣ ಮೆತ್ತಿದರೂ ಹೆಚ್ಚು ಪ್ರಯೋಜನವಿಲ್ಲ. ಹಿಡಿತ ಬೇಕಿರುವುದು ಅದರಿಂದ ದೂರದಲ್ಲಿ, ಅಂದರೆ ಬೆರಳ ತುದಿಗಳ ಅಡಿಯಲ್ಲಿ, ಮತ್ತು ಸ್ವಲ್ಪ ಮಟ್ಟಿಗೆ ಅಂಗೈಯ ಬುಡದಲ್ಲಿ.

ಹೀಗಾಗಿ ನಾನು ಹೋಲಿಸಿದ ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಬೆರಳ ತುದಿಯಲ್ಲಿ ಇದು ತಿರುಗುವಿಕೆಯನ್ನು ತಡೆಯುತ್ತದೆಯೇ? ನನ್ನ ಬಳಿ ಒಂದೇ ಅಚ್ಚಿನಲ್ಲಿ ಕತ್ತರಿಸಿದ, ವಾರ್ನಿಷ್ ಬಳಿದ ಎರಡು ಮರದ ಹಲಗೆಗಳಿವೆ. ಒಂದಕ್ಕೆ ಒಂದು ಬಗೆ, ಇನ್ನೊಂದಕ್ಕೆ ಮತ್ತೊಂದು ಬಗೆ ಹಚ್ಚಿ, ಅದೇ ಹೊತ್ತಿನ ಅದೇ ಅಲೆಗಳಲ್ಲಿ ಬದಲಿಸಿ ಬದಲಿಸಿ ನೋಡಿದೆ. ಇವಲ್ಲದೆ ಎಣ್ಣೆ ಮಾತ್ರ ಕುಡಿಸಿದ ಮರದ ಹಲಗೆಯೊಂದು, ಮೆದು ಫೋಮ್‌ನದೊಂದು ಇವೆ. ಅವುಗಳ ನ್ಯಾಯ ಬೇರೆ, ಅದು ಮುಂದೆ.

ಮೊದಲು ಬಿಟ್ಟುಬಿಡಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ಮನೆಯ ಮೇಣದಬತ್ತಿಯನ್ನು ಉಜ್ಜಿದರೆ ಸಾಕು ಎನ್ನುವವರಿದ್ದಾರೆ. ಸರ್ಫಿಂಗ್‌ನ ಇತಿಹಾಸದಲ್ಲಿ ಈ ಮಾತಿಗೆ ಬೇರಿದೆ. ವಾರ್ನಿಷ್‌ಗೆ ಮರಳು ಬೆರೆಸಿ ಬಳಿಯುತ್ತಿದ್ದ ಕಾಲದಲ್ಲಿ, 1935ರಲ್ಲಿ, ಆಲ್ಫ್ರೆಡ್ ಗ್ಯಾಲಂಟ್ ಎಂಬ ಕ್ಯಾಲಿಫೋರ್ನಿಯಾದ ಸರ್ಫರ್ ನೆಲಕ್ಕೆ ಹಚ್ಚುವ ಮೇಣವನ್ನು ಹಲಗೆಗೆ ಹಚ್ಚಿ ನೋಡಿದ, ಆಮೇಲೆ ಮೇಣದಬತ್ತಿ ಮಾಡುವ ಪ್ಯಾರಾಫಿನ್ ಬಳಕೆಗೆ ಬಂತು ಎಂಬುದು ಸರ್ಫರ್‌ಗಳ ನಡುವೆ ಎಲ್ಲರೂ ಹೇಳುವ ಕತೆ. ಆದರೆ ಬರಿಯ ಪ್ಯಾರಾಫಿನ್ ಗಟ್ಟಿ. ಉಜ್ಜಿದಾಗ ತೆಳುವಾದ, ನುಣುಪಾದ ಪದರವಾಗಿ ಕೂರುತ್ತದೆ, ಅಂಟುವುದಿಲ್ಲ. ಇಡೀ ಮೈಭಾರ ಹೊತ್ತು ನಿಂತ ಪಾದಕ್ಕೆ ಅದು ಅಷ್ಟಿಷ್ಟು ನೆರವಾದೀತು. ಒದ್ದೆ ಬೆರಳಿಗೆ, ಅದೂ ತಂಪು ನೀರಿನಲ್ಲಿ, ಏನೂ ಹಚ್ಚದ ವಾರ್ನಿಷ್‌ಗಿಂತ ಅದು ಕೀಳು ಎಂದೇ ನನಗೆ ಅನ್ನಿಸಿತು.

ಸ್ಕೇಟ್‌ಬೋರ್ಡ್‌ಗೆ ಅಂಟಿಸುವ ಒರಟು ಹಾಳೆಯ ವಿಷಯವೂ ಇಷ್ಟೇ ಚಿಕ್ಕದು. ಹಿಡಿತ ಅದ್ಭುತ, ನೀರಿನಲ್ಲಿ ನೆನೆದು ಮೆತ್ತಗಾದ ಬೆರಳಿನ ಚರ್ಮಕ್ಕೆ ಮರಳುಕಾಗದದ ಮೇಲೆ ಉಜ್ಜಿದ ಗತಿ. ಅದನ್ನು ಮಾಡಿರುವುದು ಬೂಟಿಗಾಗಿ, ಬೆರಳಿಗಾಗಿ ಅಲ್ಲ.

ಇನ್ನು ನಿಜವಾದ ಸ್ಪರ್ಧಿಗಳು: ಸರ್ಫ್ ಮೇಣ, ಮನೆಯಲ್ಲೇ ಕಾಯಿಸಿದ ಜೇನುಮೇಣ, ಇವಿಎ ಎಂಬ ಮೆದು ಫೋಮ್‌ನ ಪ್ಯಾಡ್, ಮತ್ತು ಉಪ್ಪು ಉದುರಿಸಿ ಕುಳಿ ಮಾಡಿದ ವಾರ್ನಿಷ್.

ಸರ್ಫ್ ಮೇಣದಲ್ಲಿ ಎರಡು ಜಾತಿ. ಅಡಿಗೆ ಹಚ್ಚುವ ಗಟ್ಟಿ ಬೇಸ್ ಕೋಟ್ ಒಂದು, ಅದರ ಮೇಲೆ ನೀರಿನ ಉಷ್ಣತೆಗೆ ತಕ್ಕಂತೆ ಹಚ್ಚುವ ಮೆದುವಾದದ್ದು ಇನ್ನೊಂದು. ಪೊಟ್ಟಣದ ಮೇಲೆ ಟ್ರಾಪಿಕಲ್, ವಾರ್ಮ್, ಕೂಲ್, ಕೋಲ್ಡ್ ಎಂದು ಬರೆದಿರುತ್ತದೆ. ತಯಾರಕರ ಲೆಕ್ಕದಲ್ಲಿ ಒಂದೆರಡು ಡಿಗ್ರಿ ಅತ್ತಿತ್ತ ಆಗುತ್ತದಾದರೂ ಸ್ಥೂಲವಾಗಿ ನೀರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಟ್ರಾಪಿಕಲ್, 19ರ ಆಚೀಚೆಯಿಂದ 24ರವರೆಗೆ ವಾರ್ಮ್, ಅದಕ್ಕಿಂತ ಕೆಳಗೆ 14ರ ತನಕ ಕೂಲ್, ಅದಕ್ಕೂ ತಣ್ಣಗಿದ್ದರೆ ಕೋಲ್ಡ್. ಟ್ರಾಪಿಕಲ್ ಎಲ್ಲಕ್ಕಿಂತ ಗಟ್ಟಿ, ಕೋಲ್ಡ್ ಎಲ್ಲಕ್ಕಿಂತ ಮೆದು. ಈ ಶ್ರೇಣಿಯನ್ನು ತಲೆಕೆಳಗು ಮಾಡಿದರೆ ಫಲವೂ ತಲೆಕೆಳಗು: ಬೆಚ್ಚಗಿನ ನೀರಿನಲ್ಲಿ ಕೋಲ್ಡ್ ಮೇಣ ಕರಗಿದ ಲೇಹ್ಯದಂತೆ ಅಂಗೈಗೇ ಬಂದುಬಿಡುತ್ತದೆ, ತಣ್ಣೀರಿನಲ್ಲಿ ಟ್ರಾಪಿಕಲ್ ಹಚ್ಚಿದರೆ ಅದು ಮತ್ತೆ ಮೇಣದಬತ್ತಿಯೇ.

ಹ್ಯಾಂಡ್‌ಪ್ಲೇನ್‌ಗೆ ನಾನು ಪೊಟ್ಟಣ ಹೇಳುವುದಕ್ಕಿಂತ ಒಂದು ಮೆಟ್ಟಿಲು ಗಟ್ಟಿಯಾದದ್ದನ್ನೇ ಆರಿಸುತ್ತೇನೆ. ಆ ಲೆಕ್ಕವೆಲ್ಲ ಸರ್ಫ್‌ಬೋರ್ಡ್‌ಗಾಗಿ ಮಾಡಿದ್ದು. ಅಲ್ಲಿ ಪಾದ ಎದ್ದು ನಿಂತಾಗ ಮಾತ್ರ ಒತ್ತುತ್ತದೆ. ಇಲ್ಲಿ ಬೆರಳು ಹೊತ್ತಿಡೀ ಒಂದೇ ಜಾಗದಲ್ಲಿ ಒತ್ತಿಕೊಂಡಿರುತ್ತದೆ, ಮೈಶಾಖ ಬೇರೆ. ಮೆದು ಮೇಣ ಅಲ್ಲೇ ತುಳಿದು ಚಪ್ಪಟೆಯಾಗುತ್ತದೆ. ಗಟ್ಟಿಯದು ತನ್ನ ಉಬ್ಬುಗಳನ್ನು ಉಳಿಸಿಕೊಳ್ಳುತ್ತದೆ.

ಆ ಉಬ್ಬುಗಳೇ ಎಲ್ಲ. ಹಿಡಿತ ಬರುವುದು ಮೇಣದ ದಪ್ಪದಿಂದಲ್ಲ, ಕಾಳುಕಾಳಾಗಿ ಎದ್ದ ಮೇಲ್ಮೈಯಿಂದ. ಕಾಳುಗಳ ನಡುವಿನ ಸಂದಿಯಲ್ಲಿ ನೀರು ಹರಿದುಹೋಗುತ್ತದೆ, ನೆತ್ತಿ ಚರ್ಮಕ್ಕೆ ಅಂಟುತ್ತದೆ. ಬೇಸ್ ಕೋಟ್ ಇರುವುದು ಈ ಕಾಳು ಕಟ್ಟುವುದಕ್ಕೆ. ಹಲಗೆ ಒಣಗಿರಬೇಕು, ತಣ್ಣಗಿರಬೇಕು, ಹಳೆಯ ಮೇಣದ ಅಥವಾ ಸನ್‌ಸ್ಕ್ರೀನ್‌ನ ಜಿಡ್ಡು ಇರಬಾರದು. ಮೇಣದ ಬಿಲ್ಲೆಯ ಅಂಚನ್ನು ಹಗುರವಾಗಿ ತಾಗಿಸಿ ಪುಟ್ಟ ಪುಟ್ಟ ವೃತ್ತಗಳಲ್ಲಿ ಆಡಿಸಬೇಕು. ತೋಳ್ಬಲ ಹಾಕಿ ಒತ್ತಿ ಉಜ್ಜಿದರೆ ಕಾಳು ಕಟ್ಟುವುದಿಲ್ಲ, ನುಣುಪು ಪದರ ಮಾತ್ರ ಉಳಿಯುತ್ತದೆ. ಬಿಸಿಲಿನಲ್ಲಿ ಕೂತು ಹಚ್ಚಿದರೂ ಅದೇ ಗತಿ. ಹ್ಯಾಂಡ್‌ಪ್ಲೇನ್ ಚಿಕ್ಕದಾದ್ದರಿಂದ ಇನ್ನೊಂದು ತೊಂದರೆ: ಇಡೀ ಬಿಲ್ಲೆ ಬೆರಳ ಗುರುತಿನ ಜಾಗಕ್ಕೆ ದೊಡ್ಡದು. ನಾನು ಬಿಲ್ಲೆಯನ್ನು ಮುರಿದು ಹೆಬ್ಬೆರಳಿನ ಗಾತ್ರದ ತುಂಡನ್ನು ಬಳಸುತ್ತೇನೆ. ಹಚ್ಚುವುದು ಬೆರಳ ತುದಿಗಳ ಕೆಳಗಿನ ಕಮಾನಿನಾಕಾರದ ಪಟ್ಟೆಗೆ ಮತ್ತು ಅಂಗೈ ಬುಡದ ಕೆಳಗೆ ಒಂದಿಷ್ಟಕ್ಕೆ. ಪಟ್ಟಿಯ ಅಡಿಗೆ ಹಚ್ಚುವುದಿಲ್ಲ. ಅಲ್ಲಿ ಕೈ ಸಲೀಸಾಗಿ ಒಳಹೋಗಿ ಹೊರಬರಬೇಕು. ಹಲಗೆಯ ತಳಕ್ಕಂತೂ ಮೇಣ ತಾಗಲೇಬಾರದು, ನೀರಿನ ಮೇಲೆ ಜಾರಬೇಕಾದ ಮೈ ಅದು.

ಹೀಗೆ ಹಚ್ಚಿದ ಮೇಣದ ಗುಣದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು ಹಿಡಿದುಕೊಳ್ಳುವ ರೀತಿಯಲ್ಲ, ಬಿಟ್ಟುಕೊಡುವ ರೀತಿ. ಓರೆಯಾಗಿ ಸಾಗುವಾಗಿನ ಸೆಳೆತವನ್ನು ಅದು ತಡೆದುಕೊಳ್ಳುತ್ತದೆ. ಅಲೆಯ ತುಟಿ ತಲೆಯ ಮೇಲೆ ಬಿದ್ದು ಹಲಗೆಯನ್ನು ಒಮ್ಮೆಲೇ ತಿರುಚಿದಾಗ ಸಡಿಲುತ್ತದೆ, ಮಣಿಕಟ್ಟು ಅದರ ಜೊತೆ ತಿರುಚಿಕೊಳ್ಳುವುದಿಲ್ಲ. ಈ ನಡುವಿನ ಗುಣ ಬೇರೆ ಯಾವುದರಲ್ಲೂ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಮೇಣದ ಕಾಟಗಳೂ ಇವೆ. ಮರಳಿನ ಮೇಲೆ ಮಗುಚಿಟ್ಟರೆ ಮರಳೆಲ್ಲ ಅದಕ್ಕೇ. ಬಿಸಿಲಿನಲ್ಲಿ ಬಿಟ್ಟರೆ ಕರಗಿ, ಚೀಲದೊಳಗೆ ಹರಡಿ, ಟವೆಲಿಗೆ ಬಳಿದುಕೊಳ್ಳುತ್ತದೆ. ಪದರದ ಮೇಲೆ ಪದರ ಬಿದ್ದು ಕೊಳೆ ಹಿಡಿದಾಗ ಕಾಳು ಹೋಗಿ ಗುಡ್ಡೆಯಾಗುತ್ತದೆ. ನಡುನಡುವೆ ಮೇಣದ ಬಾಚಣಿಗೆಯಿಂದ ಅಡ್ಡಡ್ಡ ಗೀರಿದರೆ ಒಂದಷ್ಟು ಕಾಲ ಜೀವ ಬರುತ್ತದೆ. ಆಮೇಲೆ ಹಲಗೆಯನ್ನು ತುಸು ಬೆಚ್ಚಗೆ ಮಾಡಿ, ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಮೊದಲಿಂದ ಹಚ್ಚುವುದೇ ಸರಿ. ಉಳಿದ ಜಿಡ್ಡು ತೆಗೆಯಲು ಪೆಟ್ರೋಲ್ ಅಥವಾ ಅಸಿಟೋನ್ ಹಾಕುವ ಆಸೆಯಾಗಬಹುದು. ಹಲಗೆಯ ಒಳಗೆ ಪಾಲಿಸ್ಟೈರೀನ್ ಫೋಮ್ ಇದ್ದು, ಹೊರಚಿಪ್ಪಿನಲ್ಲಿ ಸಣ್ಣ ಬಿರುಕಿದ್ದರೂ ಆ ದ್ರಾವಕ ಒಳಗಿನದನ್ನು ಕರಗಿಸಿಬಿಡುತ್ತದೆ.

ಜೇನುಮೇಣದ ಪಾಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದೆ. ಜೇನುಮೇಣ, ಸ್ವಲ್ಪ ತೆಂಗಿನೆಣ್ಣೆ, ಅಂಟಿಗಾಗಿ ಪೈನ್ ಮರದ ರಾಳ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು, ನೇರ ಉರಿಯ ಮೇಲಲ್ಲ. ಪರಿಮಳದಲ್ಲಿ ಇದಕ್ಕೆ ಸಾಟಿಯಿಲ್ಲ. ಹಿಡಿತವೂ ಕೆಟ್ಟದ್ದಲ್ಲ, ಆದರೆ ಅದು ರಾಳದ ಕೊಡುಗೆ; ರಾಳವಿಲ್ಲದ ಪಾಕ ಜಾರುತ್ತಿತ್ತು. ತೊಂದರೆಯಿರುವುದು ತೆಂಗಿನೆಣ್ಣೆಯಲ್ಲಿ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು, ತೆಂಗಿನೆಣ್ಣೆ 24ರ ಹೊತ್ತಿಗೇ ನೀರಾಗುತ್ತದೆ. ಹಾಗಾಗಿ ಬೆಳಗಿನ ತಂಪಿನಲ್ಲಿ ಚೆನ್ನಾಗಿದ್ದ ಹಲಗೆ ಬಿಸಿಲೇರಿದಂತೆ ಜಿಡ್ಡಾಗುತ್ತದೆ. ಎಣ್ಣೆಯನ್ನು ತೀರಾ ಕಡಿಮೆ ಮಾಡಿದರೆ ಉದುರುದುರಾಗಿ ಕಾಳೇ ಕಟ್ಟುವುದಿಲ್ಲ. ಸಮುದ್ರಕ್ಕೆ ಪೆಟ್ರೋಲಿಯಂ ಮೇಣ ಬಿಡುವುದು ಬೇಡ ಎನ್ನುವವರಿಗೆ ಇದು ಯೋಗ್ಯ ದಾರಿ. ಜೇನುಮೇಣ ಆಧರಿಸಿದ ಸಿದ್ಧ ಸರ್ಫ್ ಮೇಣಗಳೂ ಸಿಗುತ್ತವೆ, ಅವು ನನ್ನ ಪಾಕಕ್ಕಿಂತ ಹದವಾಗಿವೆ.

ಇವಿಎ ಪ್ಯಾಡ್ ಬಗ್ಗೆ ನನಗೆ ಪೂರ್ವಗ್ರಹವಿತ್ತು, ಪರೀಕ್ಷೆಯ ನಂತರವೂ ಬಹುಪಾಲು ಉಳಿದಿದೆ. ಹಿಂಬದಿಯಲ್ಲಿ ಅಂಟಿರುವ, ಮೇಲೆ ಚೌಕುಳಿ ಗೀರುಗಳಿರುವ ಫೋಮ್ ಹಾಳೆ. ಅಂಟಿಸಿ ಒಂದು ದಿನ ಬಿಟ್ಟು ನೀರಿಗಿಳಿದರೆ ಮುಗಿಯಿತು, ಮತ್ತೆ ಮೇಣದ ಗೊಡವೆಯಿಲ್ಲ. ಬಿಸಿಲಿಗೂ ಚಳಿಗೂ ಒಂದೇ ಗುಣ. ಆದರೆ ಹಲಗೆಯ ಒಳಬಾಗು ಇರುವಲ್ಲಿ ಅಂಚುಗಳು ಬೇಗ ಏಳುತ್ತವೆ, ಮತ್ತು ಅಂಗೈ ಕೆಲವು ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. ಅದು ಅಲ್ಪವೆಂದು ತೋರಬಹುದು. ಹಲಗೆ ನೀರನ್ನು ಎಲ್ಲಿ ಕಚ್ಚುತ್ತಿದೆ ಎಂಬ ಸುದ್ದಿ ಬೆರಳಿಗೆ ಬರುವುದು ಆ ಮರದ ಮೂಲಕವೇ. ಪ್ಯಾಡ್ ನಡುವೆ ಬಂದರೆ ಆ ಸುದ್ದಿ ಮಂಕಾಗುತ್ತದೆ. ಪಟ್ಟಿಯ ಜಾಗವೂ ಇಕ್ಕಟ್ಟಾಗುತ್ತದೆ. ಇಡೀ ಅಂಗೈಗೆ ಬದಲಾಗಿ ಬೆರಳ ತುದಿಗೆ ಮಾತ್ರ ಸಣ್ಣ ಪಟ್ಟೆ ಕತ್ತರಿಸಿ ಅಂಟಿಸಿದಾಗ ಪರಿಸ್ಥಿತಿ ಸುಧಾರಿಸಿತು. ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಕೈಗವಸು ಹಾಕುವವರಿಗೆ ಮಾತ್ರ ಪ್ಯಾಡ್ ಮೇಣಕ್ಕಿಂತ ಮೇಲು, ಏಕೆಂದರೆ ಮೇಣ ಗವಸಿಗೆ ಅಂಟಿಕೊಂಡು ಅಲ್ಲಿಂದ ವೆಟ್‌ಸೂಟ್‌ಗೆ, ಅಲ್ಲಿಂದ ಎಲ್ಲೆಂದರಲ್ಲಿಗೆ ಸಾಗುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಉಪ್ಪು. ದೋಣಿಯ ಅಟ್ಟಣೆ ಜಾರದಂತೆ ಮಾಡಲು ಮರಗೆಲಸದವರು ಬಳಸುವ ಹಳೆಯ ಉಪಾಯವಿದು. ಹಸಿ ವಾರ್ನಿಷ್ ಮೇಲೆ ಉಪ್ಪನ್ನು ಉದುರಿಸಿ, ಪೂರ್ತಿ ಒಣಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ತೊಳೆದರೆ ಉಪ್ಪು ಕರಗಿ, ಪ್ರತಿ ಹರಳಿನ ಜಾಗದಲ್ಲಿ ಒಂದು ಕುಳಿ ಉಳಿಯುತ್ತದೆ. ಸಕ್ಕರೆಯೂ ಆಗುತ್ತದೆ. ಮರಳು ಬೆರೆಸಿದ ವಾರ್ನಿಷ್‌ನಲ್ಲಿ ಹರಳು ಮೇಲಕ್ಕೆ ಚುಚ್ಚಿಕೊಂಡಿರುತ್ತದೆ; ಇಲ್ಲಿ ಹರಳೇ ಇಲ್ಲ, ಇರುವುದು ಕುಳಿಯ ಅಂಚು. ಅದನ್ನೂ ನಯವಾದ ಮರಳುಕಾಗದದಿಂದ ಒಮ್ಮೆ ಸವರಿದರೆ ಬೆರಳಿಗೆ ನೋವಿಲ್ಲ. ಕಾಯಂ ಹಿಡಿತ, ತೂಕವಿಲ್ಲ, ಉಷ್ಣತೆಯ ಹಂಗಿಲ್ಲ, ಮರದ ಸ್ಪರ್ಶವೂ ಉಳಿಯುತ್ತದೆ. ಎಚ್ಚರ ಬೇಕಿರುವುದು ಎರಡು ಕಡೆ. ಉಪ್ಪು ಕಲ್ಲುಪ್ಪಿನಷ್ಟು ದಪ್ಪವಾಗಿರಬಾರದು, ಮತ್ತು ಅಡಿಯಲ್ಲಿ ಒಣಗಿದ ಪೂರ್ಣ ಪದರಗಳಿರಬೇಕು. ಇಲ್ಲದಿದ್ದರೆ ಕುಳಿ ಮರದ ತನಕ ಇಳಿದು ಅಲ್ಲಿಂದ ನೀರು ಹೀರುತ್ತದೆ. ಜೊತೆಗೆ, ಮೇಣ ಒಮ್ಮೆ ತಾಗಿದ ಮರಕ್ಕೆ ಹೊಸ ವಾರ್ನಿಷ್ ಹಿಡಿಯುವುದಿಲ್ಲ. ಆದ್ದರಿಂದ ಈ ಪ್ರಯೋಗ ಮಾಡುವುದಾದರೆ ಮೇಣ ಕಾಣದ ಹಲಗೆಯ ಮೇಲೆ ಮಾಡಬೇಕು, ಅಥವಾ ಹಳೆಯ ಮೇಣವನ್ನು ದ್ರಾವಕದಿಂದ ಪೂರ್ತಿ ತೊಳೆದು ಉಜ್ಜಿದ ಮೇಲೆ.

ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ತಿರುಗುವಿಕೆಯನ್ನು ತಡೆಯುವುದರಲ್ಲಿ ಹೊಸದಾಗಿ ಹಚ್ಚಿದ ಸರ್ಫ್ ಮೇಣ ಉಪ್ಪಿನ ಕುಳಿಗಿಂತ ಒಂದು ಕೈ ಮೇಲು. ಎರಡನೆಯ ಅಲೆಯಲ್ಲೂ ಮೇಲು. ಹೊತ್ತು ಕಳೆದು, ಬೆರಳಿಗೆ ಸನ್‌ಸ್ಕ್ರೀನ್ ಹರಿದು, ಮೇಣ ಚಪ್ಪಟೆಯಾದ ಮೇಲೆ ಲೆಕ್ಕ ತಿರುವುಮುರುವು: ಕುಳಿ ಇದ್ದಂತೆಯೇ ಇರುತ್ತದೆ. ಎರಡನ್ನೂ ಸೇರಿಸಿದರೆ ಎರಡೂ ಕೆಡುತ್ತವೆ. ಮೇಣ ಕುಳಿಯನ್ನು ತುಂಬಿ ಸಪಾಟು ಮಾಡುತ್ತದೆ. ಅಂದಹಾಗೆ ಸನ್‌ಸ್ಕ್ರೀನ್ ಯಾವ ಪಕ್ಷಕ್ಕೂ ಮಿತ್ರನಲ್ಲ. ಹಚ್ಚಿಕೊಂಡ ಮೇಲೆ ಒದ್ದೆ ಮರಳನ್ನು ಅಂಗೈಗಳ ನಡುವೆ ಚೆನ್ನಾಗಿ ತಿಕ್ಕಿ ತೊಳೆದರೆ ಬರುವ ಲಾಭ, ಒಂದು ಮೇಣದಿಂದ ಇನ್ನೊಂದು ಮೇಣಕ್ಕೆ ಬದಲಾಯಿಸುವುದರಿಂದ ಬರುವುದಕ್ಕಿಂತ ಹೆಚ್ಚು.

ಎಣ್ಣೆ ಕುಡಿಸಿದ ಮರದ ಹಲಗೆಗೆ ನಾನು ಏನನ್ನೂ ಹಚ್ಚುವುದಿಲ್ಲ. ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ ಪೂರ್ತಿ ಒಣಗಿದ್ದರೆ ಒದ್ದೆ ಮರದ ಎಳೆಯೇ ಬೆರಳಿಗೆ ಸಾಕಷ್ಟು ಸಿಗುತ್ತದೆ. ಮೇಣ ಹಚ್ಚಿದರೆ ಎಳೆಯೊಳಗೆ ಇಳಿದು ಮುಂದಿನ ಸಲ ಎಣ್ಣೆ ಕುಡಿಸಲು ಅಡ್ಡಿ. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಒಣಗುವಾಗಿನ ಶಾಖಕ್ಕೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ.) ಮೆದು ಫೋಮ್ ಹಲಗೆಯ ಮೇಲೆ ಮೇಣದ ಕಾಳು ನಿಲ್ಲುವುದೇ ಕಷ್ಟ, ಹಲಗೆ ಬಾಗಿದಂತೆಲ್ಲ ಉದುರುತ್ತದೆ. ಅಲ್ಲಿ ಬೆರಳ ತುದಿಯಷ್ಟಕ್ಕೆ ಪ್ಯಾಡ್ ಸರಿ.

ಈಜಲು ಕಾಲಿಗೆ ಹಾಕುವ ರೆಕ್ಕೆಯಂಥ ಫಿನ್ ಕಳಚುತ್ತದೆಂದು ಅದರ ಒಳಗೂ ಮೇಣ ಸವರುವವರನ್ನು ನೋಡಿದ್ದೇನೆ. ಅಲ್ಲಿ ಸಮಸ್ಯೆ ಹಿಡಿತದ್ದಲ್ಲ, ಅಳತೆಯದು. ತೆಳು ನಿಯೋಪ್ರೀನ್ ಸಾಕ್ಸ್ ಅಥವಾ ಹಿಮ್ಮಡಿಯ ಕಟ್ಟುಪಟ್ಟಿ ಅದಕ್ಕೆ ಮದ್ದು. ಫಿನ್ ನೈಸರ್ಗಿಕ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಜೆಲ್ಲಿಯಂಥ ಎಣ್ಣೆ ಸೇರಿದ ಯಾವುದನ್ನೂ ಹತ್ತಿರ ತರಬಾರದು, ರಬ್ಬರ್ ಉಬ್ಬಿ ಬಲ ಕಳೆದುಕೊಳ್ಳುತ್ತದೆ.

ಈಗ ನನ್ನ ಆ ಜೋಡಿ ಹಲಗೆಗಳಲ್ಲಿ ಒಂದು ಉಪ್ಪಿನದಾಗಿ ಉಳಿದಿದೆ, ಇನ್ನೊಂದು ಮೇಣದ್ದು. ಅಲೆ ಕಡಿದಾಗಿ, ಟೊಳ್ಳಾಗಿ ಬೀಳುವ ದಿನ ಮೇಣದ್ದನ್ನು ಒಯ್ಯುತ್ತೇನೆ, ಮಣಿಕಟ್ಟಿನ ದೃಷ್ಟಿಯಿಂದ. ಉದ್ದಕ್ಕೆ ಮೆಲ್ಲಗೆ ಒಡೆಯುವ ಅಲೆಗಳಲ್ಲಿ ಹೆಚ್ಚು ಹೊತ್ತು ಇರುವುದಾದರೆ ಉಪ್ಪಿನದು. ಹೊಸದಾಗಿ ಶುರುಮಾಡುವವರು ಕೇಳಿದರೆ ಗಟ್ಟಿ ಬೇಸ್ ಕೋಟ್ ಒಂದನ್ನೇ ಬೆರಳ ತುದಿಗೆ ಹಚ್ಚಿ ನೀರಿಗಿಳಿಯಿರಿ ಎನ್ನುತ್ತೇನೆ. ಬೆಚ್ಚಗಿನ ನೀರಿನಲ್ಲಿ ಅದರ ಮೇಲೆ ಇನ್ನೊಂದು ಪದರ ಬೇಕೆನಿಸದೆಯೂ ಹೋಗಬಹುದು.