ಹೆಡ್‌ಫೋನಿನಲ್ಲಿ ಕಛೇರಿ: ಕ್ರಾಸ್‌ಫೀಡ್, ಗೊಂಬೆಯ ಕಿವಿ, ನನ್ನದೇ ಕಿವಿ

ರಾತ್ರಿ ಹತ್ತರ ನಂತರ ನಮ್ಮ ಮನೆಯಲ್ಲಿ ಸ್ಪೀಕರ್ ಹಾಕುವಂತಿಲ್ಲ. ಆದ್ದರಿಂದ ಕೆಲವು ವರ್ಷಗಳಿಂದ ನಾನು ಕರ್ನಾಟಕ ಸಂಗೀತದ ಕಛೇರಿಗಳನ್ನು ಬಹುಪಾಲು ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನಲ್ಲೇ ಕೇಳುತ್ತಿದ್ದೇನೆ. ನನ್ನ ಸಂಗ್ರಹದ ಒಂದು ಧ್ವನಿಮುದ್ರಣದಲ್ಲಿ ಮೃದಂಗವನ್ನು ಪೂರ್ತಿ ಎಡ ಚಾನೆಲ್ಲಿಗೂ ಪಿಟೀಲನ್ನು ಪೂರ್ತಿ ಬಲ ಚಾನೆಲ್ಲಿಗೂ ಹಾಕಿದ್ದಾರೆ. ಸಭೆಯಲ್ಲಿ ಕುಳಿತವರಿಗೆ ಮೃದಂಗ ಎಡಗಡೆ, ಪಿಟೀಲು ಬಲಗಡೆ ಕಾಣುವುದು ವಾಡಿಕೆಯಾದ್ದರಿಂದ ಆ ಆಯ್ಕೆಯಲ್ಲಿ ತಪ್ಪೇನಿಲ್ಲ. ಸ್ಪೀಕರಿನಲ್ಲಿ ಅದು ಸೊಗಸಾಗಿಯೇ ಕೇಳಿಸುತ್ತದೆ. ಹೆಡ್‌ಫೋನಿನಲ್ಲಿ ಮಾತ್ರ ತಾಳವಾದ್ಯಗಳದೇ ಸರದಿಯಾದ ತನಿ ಆವರ್ತನ ಶುರುವಾದೊಡನೆ ಗುಮಕಿಯ, ಎಂದರೆ ಮೃದಂಗದ ಎಡ ಮುಖದ ಮಂದ್ರ ನುಡಿಯ, ಪ್ರತಿ ಪೆಟ್ಟೂ ಎಡಗಿವಿಯ ಒಳಗೇ ಉಬ್ಬಿ ನಿಲ್ಲುತ್ತದೆ, ಬಲಗಿವಿಗೆ ಅದರ ಸುಳಿವೇ ಇರುವುದಿಲ್ಲ, ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಆ ಕಿವಿ ಹತ್ತಿ ತುರುಕಿದಂತೆ ಭಾರವಾಗುತ್ತದೆ. ಇದಕ್ಕೆ ಪರಿಹಾರವೆನ್ನಲಾಗುವ ನಾಲ್ಕು ದಾರಿಗಳನ್ನು ಕಳೆದ ಮಳೆಗಾಲದಿಂದ ಒಂದೊಂದಾಗಿ ಪ್ರಯೋಗಿಸಿದ್ದೇನೆ.

ಕಿವಿಯ ಪಕ್ಕಕ್ಕೇ ಬಂದ ಸೊಳ್ಳೆಯನ್ನೋ ಪಿಸುಮಾತನ್ನೋ ಬಿಟ್ಟರೆ, ನಿತ್ಯದ ಬದುಕಿನಲ್ಲಿ ಯಾವ ಸದ್ದೂ ಒಂದೇ ಕಿವಿಗೆ ಕೇಳಿಸುವುದಿಲ್ಲ. ನಮ್ಮ ಎದುರಿನಲ್ಲಿ 30 ಡಿಗ್ರಿ ಎಡಕ್ಕಿರುವ ಸ್ಪೀಕರಿನ ಸದ್ದು ಎಡಗಿವಿಯನ್ನು ಮುಟ್ಟಿದ ಸುಮಾರು 0.26 ಮಿಲಿಸೆಕೆಂಡಿನ ತರುವಾಯ ತಲೆಯನ್ನು ಬಳಸಿಕೊಂಡು ಬಲಗಿವಿಯನ್ನೂ ಮುಟ್ಟುತ್ತದೆ. ಹೆಚ್ಚಿನ ಕಂಪನಾಂಕದ ಸದ್ದಿಗೆ ತಲೆ ಅಡ್ಡವಾಗಿ ನಿಂತು ಅದನ್ನು ಕುಗ್ಗಿಸುತ್ತದೆ. ಆದರೆ 100 ಹರ್ಟ್ಜ್‌ನ ಅಲೆಯ ಉದ್ದ ಮೂರು ಮೀಟರಿಗೂ ಹೆಚ್ಚು, ಅದಕ್ಕೆ ನಮ್ಮ ತಲೆ ಒಂದು ಅಡ್ಡಿಯೇ ಅಲ್ಲ, ಹಾಗಾಗಿ ಗುಮಕಿಯಂಥ ಮಂದ್ರ ಸದ್ದು ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಒಂದೇ ಬಲದಲ್ಲಿ ತಲುಪುತ್ತದೆ. ಕಾಲದ ಅಂತರವೂ ಬಲದ ಅಂತರವೂ ಸೇರಿ ಸದ್ದಿನ ದಿಕ್ಕನ್ನು ತಿಳಿಸುತ್ತವೆ ಎಂಬುದನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು. ಸದ್ದು ಇನ್ನೊಂದು ಕಿವಿಯನ್ನು ಮುಟ್ಟುವ ಈ ದಾರಿಯನ್ನೇ ಹೆಡ್‌ಫೋನ್ ಸಂಪೂರ್ಣವಾಗಿ ಕಡಿದುಹಾಕುತ್ತದೆ. ಮಂದ್ರ ಸದ್ದು ಒಂದೇ ಕಿವಿಗೆ ಬಿದ್ದಾಗ, ಅದು ಕಿವಿಗೆ ಅಂಟಿಕೊಂಡೇ ಇರುವ ಏನೋ ಒಂದು ಎಂದು ಮೆದುಳು ತಿಳಿಯುವುದು ಸಹಜವೇ ಆಗಿದೆ.

ಹೋಲಿಕೆಯ ಕ್ರಮವನ್ನು ಮೊದಲು ಹೇಳಬೇಕು, ಏಕೆಂದರೆ ತುಸು ಜೋರಾಗಿರುವುದು ಯಾವಾಗಲೂ ತುಸು ಚೆನ್ನಾಗಿಯೇ ಕೇಳಿಸುತ್ತದೆ. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಒಂದೇ ಕಛೇರಿಯ ಆರು ನಿಮಿಷದ ತುಣುಕನ್ನು ಬೇರೆ ಬೇರೆ ಸಂಸ್ಕರಣೆಗಳಿಗೆ ಒಳಪಡಿಸಿ, ಎಲ್ಲದರ ಧ್ವನಿಮಟ್ಟವನ್ನು ಅಳೆದು ಸರಿಹೊಂದಿಸಿ, ಕಡತಗಳಿಗೆ ಅ, ಆ, ಇ ಎಂದು ಹೆಸರಿಡುವ ಕೆಲಸವನ್ನು ಮಗಳಿಗೆ ಒಪ್ಪಿಸಿದೆ. ಯಾವುದು ಯಾವುದೆಂದು ತಿಳಿಯದೆ ಕೇಳಿ ಬರೆದಿಟ್ಟುಕೊಂಡ ಟಿಪ್ಪಣಿಗಳೇ ಮುಂದಿನ ಮಾತುಗಳಿಗೆ ಆಧಾರ. ಮೂರನೆಯ ದಾರಿಯಾದ ಇಯರ್‌ಬಡ್‌ಗಳನ್ನು ಮಾತ್ರ ಹೀಗೆ ಪರೀಕ್ಷಿಸುವಂತಿರಲಿಲ್ಲ.

ಮೊದಲನೆಯದು ಕ್ರಾಸ್‌ಫೀಡ್. ಒಂದು ಚಾನೆಲ್ಲಿನ ಸದ್ದಿನಲ್ಲಿ ಮಂದ್ರದ ಭಾಗವನ್ನು ಸೋಸಿ, ಸ್ವಲ್ಪ ತಗ್ಗಿಸಿ, ಸ್ವಲ್ಪ ತಡಮಾಡಿ ಇನ್ನೊಂದು ಚಾನೆಲ್ಲಿಗೆ ಬೆರೆಸುವುದೇ ಇದರ ತಿರುಳು. ಬೆಂಜಮಿನ್ ಬವರ್ 1961ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು, ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1971ರಲ್ಲಿ ಮನೆಯಲ್ಲೇ ಕಟ್ಟಬಹುದಾದ ಒಂದು ಸರ್ಕ್ಯೂಟನ್ನು ಕೊಟ್ಟರು. ಬವರ್ ಅವರ ಹೆಸರನ್ನೇ ಹೊತ್ತಿರುವ ಬಿಎಸ್‌2ಬಿ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಿದ್ಧ ಹೊಂದಿಕೆಗಳಿವೆ: 700 ಹರ್ಟ್ಜ್‌ಗೆ 4.5 ಡೆಸಿಬೆಲ್, 700 ಹರ್ಟ್ಜ್‌ಗೆ 6 ಡೆಸಿಬೆಲ್, 650 ಹರ್ಟ್ಜ್‌ಗೆ 9.5 ಡೆಸಿಬೆಲ್. ಇಲ್ಲಿ ಹರ್ಟ್ಜ್ ಸಂಖ್ಯೆ ಮಂದ್ರವನ್ನು ಸೋಸುವ ಗಡಿಯನ್ನು ಹೇಳುತ್ತದೆ, ಡೆಸಿಬೆಲ್ ಸಂಖ್ಯೆ ಹೆಚ್ಚಿದಷ್ಟೂ ಬೆರಕೆ ಕಡಿಮೆ ಎಂಬುದನ್ನು ನೆನಪಿಡಬೇಕು, ಮೊದಲ ದಿನ ನಾನು ಅದನ್ನು ತಿರುವುಮುರುವಾಗಿ ಅರ್ಥಮಾಡಿಕೊಂಡಿದ್ದೆ.

4.5ರಲ್ಲಿ ಗುಮಕಿ ಕಿವಿಯೊಳಗಿನಿಂದ ಹೊರಬಿದ್ದು ಎಡಗೆನ್ನೆಯ ಮೂಳೆಯ ಹತ್ತಿರ ಬಂದು ಕುಳಿತಿತು. ಪೆಟ್ಟು ಬಿದ್ದ ಮೇಲೆ ಚರ್ಮದ ಸ್ವರ ಏರುತ್ತ ಹೋಗುವುದನ್ನು ಎರಡೂ ಕಿವಿಗಳು ಒಟ್ಟಾಗಿ ಕೇಳತೊಡಗಿದವು, ಭಾರ ಕೂಡಲೇ ಇಳಿಯಿತು. ಆದರೆ ಅದರ ಜೊತೆಗೆ ವೇದಿಕೆಯೂ ಕಿರಿದಾಯಿತು: ಪಿಟೀಲು ಗಾಯಕರ ಭುಜಕ್ಕೆ ತಾಗುವಷ್ಟು ಒಳಕ್ಕೆ ಸರಿಯಿತು, ಎರಡೂ ಬದಿಗೆ ಹರಡಿಕೊಂಡಿದ್ದ ತಂಬೂರಿಯ ನಾದ ನಡುವಿನಲ್ಲಿ ಗುಂಪಾಯಿತು. 9.5ರಲ್ಲಿ ಹಾಕಿದ್ದು ಗೊತ್ತೇ ಆಗಲಿಲ್ಲ, ತೆಗೆದಾಗ ಮಾತ್ರ ತಿಳಿಯಿತು; ಅಷ್ಟು ಸೌಮ್ಯವಾದ ಬದಲಾವಣೆ ಪಿಟೀಲು ಮತ್ತು ಘಟ ಮಾತ್ರ ಬದಿಗಿರುವ ಮುದ್ರಣಗಳಿಗೆ ಸಾಕು, ಮೃದಂಗವೇ ಒಂದು ಬದಿಗಿದ್ದರೆ ಸಾಲದು. 6 ಡೆಸಿಬೆಲ್ಲಿನದು ಇವೆರಡರ ನಡುವೆ ಹದವಾಗಿ ನಿಂತಿತು, ತಂಬೂರಿಯ ಹರವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಮೃದಂಗವನ್ನು ಕಿವಿಯಿಂದ ಬಿಡಿಸಿತು.

ಕ್ರಾಸ್‌ಫೀಡಿನ ಬಗ್ಗೆ ಕೇಳಿಬರುವ ನಿರಾಶೆಯ ಮಾತುಗಳಲ್ಲಿ ಹೆಚ್ಚಿನವು, ಅದು ಮಾಡುತ್ತೇನೆಂದು ಹೇಳದ ಕೆಲಸವನ್ನು ಅದರಿಂದ ಬಯಸುವುದರಿಂದ ಹುಟ್ಟುತ್ತವೆ ಎಂದು ನನಗೆ ದೃಢವಾಗಿ ಅನ್ನಿಸಿದೆ. ಅದು ಸದ್ದನ್ನು ತಲೆಯಿಂದ ಹೊರಕ್ಕೆ, ಎದುರಿನ ಗೋಡೆಯ ಬಳಿಗೆ ಒಯ್ಯುವುದಿಲ್ಲ. ಹಾಗೆ ಒಯ್ಯಲು ಹೊರಗಿವಿಯ ಮಡಿಕೆಗಳು ಮೂಡಿಸುವ ಗುರುತುಗಳೂ ಕೋಣೆಯ ಪ್ರತಿಧ್ವನಿಯೂ ಬೇಕು, ಒಂದು ಸರಳ ಸೋಸುಕ ಅವನ್ನು ಎಲ್ಲಿಂದ ತಂದೀತು? ದಣಿವನ್ನು ಕಳೆಯುವುದು ಅದರ ಕೆಲಸ. ಆ ಕೆಲಸವನ್ನು ಅದು ಗಾಯನದ ಬಣ್ಣ ಕೆಡಿಸದೆ ಮಾಡುತ್ತದೆ.

ಹೊರಕ್ಕೆ ಒಯ್ಯುವ ಭರವಸೆ ಕೊಡುವುದು ಎರಡನೆಯ ದಾರಿಯಾದ ಎಚ್‌ಆರ್‌ಟಿಎಫ್, ಎಂದರೆ ಪ್ರತಿ ದಿಕ್ಕಿನಿಂದ ಬಂದ ಸದ್ದು ತಲೆಯನ್ನೂ ಕಿವಿಯನ್ನೂ ದಾಟುವಾಗ ಹೇಗೆ ಮಾರ್ಪಡುತ್ತದೆ ಎಂಬುದರ ಅಳತೆ. ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಬಿಲ್ ಗಾರ್ಡ್‌ನರ್ ಮತ್ತು ಕೀತ್ ಮಾರ್ಟಿನ್ 1994ರಲ್ಲಿ ಕೆಮಾರ್ ಎಂಬ ಮನುಷ್ಯಾಕಾರದ ಗೊಂಬೆಯ ಕಿವಿಗಳಲ್ಲಿ ಮಾಡಿದ ಅಳತೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ನಾನು ಬಳಸಿದ್ದೂ ಅವನ್ನೇ. ಅವನ್ನು ಮುದ್ರಣಕ್ಕೆ ಹಚ್ಚಿ ಕೇಳಿದಾಗ ಗಾಯಕರು ನನ್ನ ಎದುರಿಗೆ ಬರುವ ಬದಲು ಹಣೆಯ ಮೇಲ್ಭಾಗಕ್ಕೆ ಏರಿದರು, ಕಣ್ಣು ಮುಚ್ಚಿದರೆ ಕೆಲವೊಮ್ಮೆ ಬೆನ್ನ ಹಿಂದಕ್ಕೆ ಹೋದರು. ಗೊಂಬೆಯ ಕಿವಿಯ ಮಡಿಕೆಗಳು ನನ್ನವಲ್ಲವಾದ್ದರಿಂದ ಮೆದುಳು ಆ ಗುರುತುಗಳನ್ನು ತಪ್ಪಾಗಿ ಓದುತ್ತದೆ. ಸಾಹಿತ್ಯದ ‘ಸ’ಕಾರಗಳು ಕರ್ಕಶವಾದದ್ದಕ್ಕೆ ಕಾರಣ ಬೇರೆ: ಹೆಡ್‌ಫೋನಿನ ಧ್ವನಿಯಲ್ಲಿ ಕಿವಿಯ ಸಹಜ ಗುಣವನ್ನು ಅನುಸರಿಸುವ 3 ಕಿಲೊಹರ್ಟ್ಜ್ ಆಸುಪಾಸಿನ ಏರಿಕೆ ಆಗಲೇ ಇರುತ್ತದೆ, ಅದರ ಮೇಲೆ ಗೊಂಬೆಯ ಕಿವಿಯನ್ನೂ ಹೇರಿದರೆ ಎರಡು ಕಿವಿಗಳ ಮೂಲಕ ಕೇಳಿದಂತಾಗುತ್ತದೆ. ಗೊಂಬೆಯ ಅಳತೆಗಳಿಂದ ಎಲ್ಲ ದಿಕ್ಕುಗಳ ಸರಾಸರಿಯನ್ನು ಕಳೆದು ಮತ್ತೆ ಕೇಳಿದಾಗ ಕರ್ಕಶತನ ಹೋಯಿತು, ಗಾಯಕರು ಮಾತ್ರ ಹಣೆಯಿಂದ ಕೆಳಗಿಳಿಯಲಿಲ್ಲ.

ತಲೆಯ ಚಲನೆಯನ್ನು ಗುರುತಿಸುವ ವೈರ್‌ಲೆಸ್ ಇಯರ್‌ಬಡ್‌ಗಳ ವಿಷಯವನ್ನು ಚಿಕ್ಕದಾಗಿ ಮುಗಿಸಬಹುದು. ಎದುರು ಯಾವುದು, ಹಿಂದು ಯಾವುದು ಎಂಬ ಗೊಂದಲವನ್ನು ತಲೆ ತಿರುಗಿಸುವುದರಿಂದಲೇ ಬಗೆಹರಿಸಿಕೊಳ್ಳುತ್ತೇವೆಂದು ಮನೋವಿಜ್ಞಾನಿ ಹಾನ್ಸ್ ವಾಲಾಕ್ 1940ರಲ್ಲಿ ತೋರಿಸಿದ್ದರು, ಇಲ್ಲಿಯೂ ಅದು ನಿಜವಾಗಿ ಕೆಲಸಮಾಡುತ್ತದೆ: ಸಿನಿಮಾ ನೋಡುವಾಗ ಮಾತು ಪರದೆಗೇ ಅಂಟಿಕೊಂಡಿರುತ್ತದೆ. ಕಛೇರಿಗೆ ಬಂದರೆ, ನನ್ನ ಬಳಿಯಿರುವ ಜೋಡಿ ಸ್ಟೀರಿಯೊ ಮುದ್ರಣಕ್ಕೆ ತನ್ನದೇ ಒಂದು ಪ್ರತಿಧ್ವನಿಯನ್ನು ಸೇರಿಸಿ, ತಂಬೂರಿಯನ್ನು ತೆಳುವಾಗಿಸಿ, ಗಾಯನವನ್ನು ಬಚ್ಚಲುಮನೆಗೆ ಒಯ್ದಿತು. ಸಿನಿಮಾಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ.

ನಾಲ್ಕನೆಯದಕ್ಕೆ ಇಡೀ ಒಂದು ಭಾನುವಾರ ಬೇಕಾಯಿತು. ಯಾಕೊ ಪಾಸನೆನ್ ಎಂಬವರು ಬರೆದ ಇಂಪಲ್ಸಿಫರ್ ಎಂಬ ಮುಕ್ತ ತಂತ್ರಾಂಶದ ಸಹಾಯದಿಂದ ಸ್ವಂತ ಕಿವಿಗಳನ್ನೇ ಅಳೆದುಕೊಳ್ಳಬಹುದು. ಗೆಳೆಯನ ಒಂದು ಜೊತೆ ಸ್ಪೀಕರುಗಳನ್ನು ತಂದು ಹಜಾರದಲ್ಲಿಟ್ಟು, ಎರಡೂ ಕಿವಿಯ ರಂಧ್ರಗಳಿಗೆ ಕಡಲೆಕಾಳಿಗಿಂತ ಚಿಕ್ಕದಾದ ಮೈಕುಗಳನ್ನು ಸಿಕ್ಕಿಸಿಕೊಂಡು, ಫ್ಯಾನು ಆರಿಸಿ, ಅಲುಗಾಡದೆ ಕುಳಿತು, ಮಂದ್ರದಿಂದ ತಾರಕ್ಕೆ ಏರುವ ಸ್ವರವನ್ನು ಸ್ಪೀಕರಿನಿಂದ ಒಮ್ಮೆ, ಮೈಕು ಕದಲದಂತೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಮುದ್ರಿಸಿಕೊಳ್ಳಬೇಕು. ಮೊದಲ ಸಲ ಹೆಡ್‌ಫೋನ್ ಹಾಕಿಕೊಳ್ಳುವಾಗ ಬಲಗಿವಿಯ ಮೈಕು ಕೂದಲೆಳೆಯಷ್ಟು ಒಳಗೆ ಜರುಗಿತ್ತು. ಫಲವಾಗಿ ಗಾಯಕರು ಎಡಕ್ಕೆ ವಾಲಿದರು, ಎಲ್ಲವನ್ನೂ ಮತ್ತೆ ಅಳೆಯಬೇಕಾಯಿತು.

ಎರಡನೆಯ ಅಳತೆಯ ಫಲಿತಾಂಶ ನನ್ನನ್ನು ಬೆರಗುಗೊಳಿಸಿತು. ಮೃದಂಗ ಎಡ ಸ್ಪೀಕರ್ ಇದ್ದ ಜಾಗದಲ್ಲೇ, ನೆಲದಿಂದ ಅಷ್ಟೇ ಎತ್ತರದಲ್ಲಿ, ನನ್ನಿಂದ ಎರಡು ಮೀಟರ್ ದೂರದಲ್ಲಿ ನುಡಿಯಿತು. ಸ್ಪೀಕರಿನ ಜೊತೆಗೆ ನಮ್ಮ ಹಜಾರವೂ ಬಂದುಬಿಟ್ಟಿತ್ತು. ಕೆಂಪು ಗಾರೆ ನೆಲದಿಂದಲೂ ಬರಿಗೋಡೆಯಿಂದಲೂ ಪುಟಿಯುವ ಸದ್ದು ಮೃದಂಗದ ಬಲ ಮುಖದ ಪ್ರತಿ ‘ನಂ’ಕಾರಕ್ಕೂ ಒಂದು ಚಿಕ್ಕ ಚಪ್ಪಾಳೆಯನ್ನು ಅಂಟಿಸುತ್ತಿತ್ತು. ಎರಡು ದಪ್ಪ ಜಮಖಾನೆಗಳನ್ನು ಹಾಸಿ, ಗೋಡೆಗೆ ರಜಾಯಿ ಇಳಿಬಿಟ್ಟು ಮೂರನೆಯ ಬಾರಿ ಅಳೆದಾಗ ಅದು ಬಹುಪಾಲು ಅಡಗಿತು. ಆದರೂ ದೊಡ್ಡ ಸಭಾಂಗಣದಲ್ಲಿ ಮುದ್ರಿಸಿದ ಕಛೇರಿಯನ್ನು ಹೀಗೆ ಕೇಳಿದರೆ, ಆ ಸಭಾಂಗಣದ ಗಾಂಭೀರ್ಯದ ಮೇಲೆ ನಮ್ಮ ಹಜಾರದ ಮುದ್ರೆ ಬೀಳುವುದು ತಪ್ಪುವುದಿಲ್ಲ.

ಸಹಜತೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಸ್ವಂತ ಕಿವಿಯ ಅಳತೆಗೆ ಉಳಿದ ಯಾವುದೂ ಸಾಟಿಯಲ್ಲ, ಅದಕ್ಕೆ ತಗಲುವ ಶ್ರಮವೂ ಸಾರ್ಥಕವೇ. ಹಾಗಿದ್ದರೂ ನಿತ್ಯ ರಾತ್ರಿ ನಾನು ಬಳಸುವುದು 6 ಡೆಸಿಬೆಲ್ಲಿನ ಕ್ರಾಸ್‌ಫೀಡನ್ನೇ, ಏಕೆಂದರೆ ಅದು ಮುದ್ರಣದ ಸ್ಥಳವನ್ನು ಅದರ ಪಾಡಿಗೆ ಬಿಡುತ್ತದೆ. ಎಡಬಲ ಎಂದು ಒರಟಾಗಿ ಹಂಚಿದ ಒಣ ಮುದ್ರಣಗಳಿಗೆ, ಹಾಡು ಒಂದು ಕಿವಿಗೆ, ವಾದ್ಯ ಇನ್ನೊಂದು ಕಿವಿಗೆ ಬರುವ 1963ರ ಬೀಟಲ್ಸ್ ಸ್ಟೀರಿಯೊ ಆಲ್ಬಂಗಳಂಥವಕ್ಕೂ, ಜಮಖಾನೆಯ ಅಳತೆಯನ್ನು ಹಾಕಿಕೊಳ್ಳುತ್ತೇನೆ. ಹೊಸದಾಗಿ ಪ್ರಯತ್ನಿಸುವವರು ಬಿಎಸ್‌2ಬಿಯನ್ನು ಲಿನಕ್ಸ್‌ನ ಈಸಿ ಎಫೆಕ್ಟ್ಸ್‌ನಲ್ಲೋ ವಿಂಡೋಸಿನ ಫೂಬಾರ್2000ದಲ್ಲೋ ಖರ್ಚಿಲ್ಲದೆ ಹಾಕಿಕೊಂಡು, ಒಂದು ವಾರ ಕೇಳಿದ ಮೇಲೆ ಒಂದು ರಾತ್ರಿ ಅದನ್ನು ತೆಗೆದು ನೋಡಬೇಕು. ಹಾಕಿದ ಕ್ಷಣದ ಹೋಲಿಕೆ ಬಹಳ ಸಲ ದಾರಿ ತಪ್ಪಿಸುತ್ತದೆ.

ಹಳೆಯ ಆಕಾಶವಾಣಿ ಮುದ್ರಣಗಳಂಥ ಮೊನೊ ಕಡತಗಳಲ್ಲಿ ಎರಡೂ ಕಿವಿಗೆ ಆಗಲೇ ಒಂದೇ ಸದ್ದು ಬರುತ್ತಿರುವುದರಿಂದ ಕ್ರಾಸ್‌ಫೀಡಿಗೆ ಅಲ್ಲಿ ಬೆರೆಸಲು ಏನೂ ಇರುವುದಿಲ್ಲ. ಗೊಂಬೆಯ ತಲೆಯಲ್ಲಿ ಮೈಕಿಟ್ಟು ಮಾಡಿದ ಬೈನಾರಲ್ ಮುದ್ರಣಗಳಲ್ಲಿ ಈ ಬೆರಕೆ ಮೊದಲೇ ಆಗಿರುತ್ತದೆ, ಮತ್ತೆ ಬೆರೆಸಿದರೆ ಕೆಡುತ್ತದೆ. ಈ ಎರಡನ್ನೂ ಕೇಳುವಾಗ ಎಲ್ಲ ಸಂಸ್ಕರಣೆಯನ್ನೂ ನಿಲ್ಲಿಸಿಡುತ್ತೇನೆ.