ಸಿಗ್ನೇಟರಿಯ 11 ವರ್ಷದ ಕಲ್-ಈಲಾ ವಿಸ್ಕಿ, 46 ಪರ್ಸೆಂಟ್ ಆಲ್ಕೋಹಾಲ್

ಲೇಬಲ್ ನೋಡಿ ‘ಕಾವೋಲ್ ಇಲಾ’ ಅನ್ನುವವರೇ ಜಾಸ್ತಿ. ಸರಿಯಾದ ಉಚ್ಚಾರ ಕಲ್-ಈಲಾ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ 1846ರಲ್ಲಿ ಶುರುವಾದ ವಿಸ್ಕಿ ಡಿಸ್ಟಿಲರಿ ಇದು. ಅಲ್ಲಿನ ಮಾಲಿನ ಬಹುಪಾಲು ಜಾನಿ ವಾಕರ್‌ನಂಥ ಬ್ಲೆಂಡುಗಳಿಗೆ, ಅಂದರೆ ಹಲವು ಡಿಸ್ಟಿಲರಿಗಳದ್ದನ್ನು ಬೆರೆಸಿದ ವಿಸ್ಕಿಗಳಿಗೆ, ಹೋಗುತ್ತದೆ. ಸಿಗ್ನೇಟರಿ 1988ರಿಂದ ಬೇರೆಯವರ ಪೀಪಾಯಿ ಕೊಂಡು ಬಾಟಲಿ ತುಂಬುವ ಕಂಪನಿ. ಈ ಬಾಟಲಿ ಇರುವ ಸರಣಿಯಲ್ಲಿ ಬಣ್ಣ ಬೆರೆಸಿಲ್ಲ, ತಣ್ಣಗೆ ಮಾಡಿ ಸೋಸಿಲ್ಲ. ಭಟ್ಟಿ ಇಳಿಸಿದ ದಿನ, ಬಾಟಲಿಗೆ ತುಂಬಿದ ದಿನ, ಪೀಪಾಯಿ ನಂಬರು ಲೇಬಲ್ ಮೇಲೇ ಇರುತ್ತವೆ. ಕೊಳ್ಳುವಾಗ ಓದಬೇಕಾದದ್ದು ಅದನ್ನೇ, ಪೀಪಾಯಿ ಬದಲಾದರೆ ರುಚಿಯೂ ಬೇರೆ.

ಬಣ್ಣ ಒಣಹುಲ್ಲಿನಷ್ಟು ತೆಳು. ಇದು ಮಾಗಿದ್ದು ಹಾಗ್ಸ್‌ಹೆಡ್‌ನಲ್ಲಿ, ಅಂದರೆ ಸುಮಾರು 250 ಲೀಟರಿನ ಪೀಪಾಯಿಯಲ್ಲಿ. ಹಿಂದೆ ಒಂದೆರಡು ಸಲ ಬಳಸಿದ್ದಾದರೆ ಮರ ಹೆಚ್ಚೇನೂ ಬಿಟ್ಟುಕೊಡುವುದಿಲ್ಲ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಆವಿಯಾಗುವುದು 2 ಪರ್ಸೆಂಟ್ ಆಸುಪಾಸು, ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಅದರ ಐದು ಪಟ್ಟು. ಹಾಗಾಗಿ ಎರಡರ ವಯಸ್ಸನ್ನು ಪಕ್ಕಪಕ್ಕ ಇಟ್ಟು ಅಳೆಯಬೇಡಿ.

ಟುಲಿಪ್ ಆಕಾರದ ಗ್ಲಾಸಿಗೆ 30 ಎಂಎಲ್ ಬಿಟ್ಟು ಹತ್ತು ನಿಮಿಷ ಮುಟ್ಟದೆ ಇಡಿ. ಮೂಗು ಗ್ಲಾಸಿನೊಳಗೆ ತೂರಿಸಿ ಎಳೆದರೆ ಸ್ಪಿರಿಟ್ ಒಂದೇ ಹೊಡೆಯುತ್ತದೆ. ಬಾಯಿ ಸ್ವಲ್ಪ ತೆರೆದು, ಅಂಚಿನಲ್ಲಿ ಮೂಸಿ. ಮೊದಲು ಬರುವುದು ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಮೀನಿನ ವಾಸನೆ, ಹಿಂದೆಯೇ ಹೇರಳೆಕಾಯಿ ಸಿಪ್ಪೆ, ಆಸ್ಪತ್ರೆಯ ಬ್ಯಾಂಡೇಜು. ನಾಲಿಗೆ ಮೇಲೆ ಎಣ್ಣೆಯಂಥ ಜಿಡ್ಡು, ಬಾರ್ಲಿಯ ಸಿಹಿ, ಆಮೇಲೆ ಕಾಳುಮೆಣಸು, ಉಪ್ಪು. ನುಂಗಿದ ಮೇಲೆ ಬೂದಿಯ ಒಗರು ಬಹಳ ಹೊತ್ತು ಉಳಿಯುತ್ತದೆ. ಒಣದ್ರಾಕ್ಷಿ, ಬೆಲ್ಲದ ರುಚಿ ಹುಡುಕುವವರಿಗೆ ಇದಲ್ಲ, ಅವರು ಶೆರಿ ವೈನ್ ತುಂಬಿದ್ದ ಪೀಪಾಯಿಯದನ್ನು ನೋಡಲಿ.

ನೀರು ಹಾಕಬಹುದು, ಆದರೆ ಅಳೆದು. 30 ಎಂಎಲ್‌ಗೆ ನಾಲ್ಕೂವರೆ ಎಂಎಲ್ ಹಾಕಿದರೆ 46 ಇದ್ದದ್ದು 40ಕ್ಕೆ ಇಳಿಯುತ್ತದೆ. ಅಲ್ಲಿ ಹುಳಿಹಣ್ಣಿನ ವಾಸನೆ ಚೆನ್ನಾಗಿ ಏಳುತ್ತದೆ, ಇನ್ನೂ ಹಾಕಿದರೆ ಬರೀ ಹೊಗೆನೀರು. ಡ್ರಾಪರ್ ಇಲ್ಲದಿದ್ದರೆ ಮಕ್ಕಳ ಔಷಧದ ಸಿರಿಂಜು ಸಾಕು. ಬೋರ್‌ವೆಲ್ ನೀರು ಬೇಡ, ಅದರ ಗಡಸು ನಾಲಿಗೆಗೆ ತಿಳಿಯುತ್ತದೆ. ನೀರು ಬಿದ್ದಾಗ, ಅದರಲ್ಲೂ ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ, ವಿಸ್ಕಿ ಮಂಜು ಕವಿದಂತಾದರೆ ಗಾಬರಿ ಬೇಡ. ಸೋಸದೆ ಉಳಿಸಿದ ಕೊಬ್ಬಿನಂಶ ಅದು, ಕೆಟ್ಟಿದ್ದಲ್ಲ. ಐಸ್ ಮಾತ್ರ ಬೇಡವೇ ಬೇಡ. ಪಕ್ಕದಲ್ಲಿ ಕಾಫಿ ಹುರಿಯುತ್ತಿದ್ದರೆ ಬಾಟಲಿ ತೆಗೆಯುವುದೇ ದಂಡ, ಈ ಊರಲ್ಲಿ ಅದೊಂದು ಕಷ್ಟ! ನೆಂಚಿಕೊಳ್ಳಲು ಉಪ್ಪು ಹಾಕಿದ ಗೋಡಂಬಿ ಆಗುತ್ತದೆ, ಖಾರದ ಹಂದಿ ಫ್ರೈ ಆಮೇಲೆ.

ಬಾಟಲಿ ನೆಟ್ಟಗೇ ನಿಲ್ಲಿಸಿಡಿ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಕಾರ್ಕ್ ಮುರಿದು ಒಳಗೆ ಬಿದ್ದರೆ ಕಾಫಿಯ ಪೇಪರ್ ಫಿಲ್ಟರಿನಲ್ಲಿ ಸೋಸಿ. ಮನೆಯ ಹಿತ್ತಾಳೆ ಫಿಲ್ಟರ್ ಬೇಡ, ಎಷ್ಟು ತೊಳೆದರೂ ಡಿಕಾಕ್ಷನ್ ವಾಸನೆ ಹೋಗಿರುವುದಿಲ್ಲ. ಮೂರನೇ ಒಂದು ಪಾಲಿಗಿಂತ ಕಡಿಮೆ ಉಳಿದರೆ ಚಿಕ್ಕ ಶೀಶೆಗೆ ಬದಲಿಸಿ, ಗಾಳಿಗೆ ಮೊದಲು ಮಂಕಾಗುವುದು ಹೊಗೆಯೇ. ಜೂನ್ ಬರುವ ಮುಂಚೆ ಲೇಬಲ್‌ಗೆ ಪ್ಲಾಸ್ಟಿಕ್ ಸುತ್ತಿ. ಮಲೆನಾಡಿನ ಬೂಷ್ಟು ಪೀಪಾಯಿ ನಂಬರನ್ನೂ ಬಿಡುವುದಿಲ್ಲ.