ಬಿಲ್‌ನಲ್ಲಿ ಹೊಸ ಫಿಲ್ಟರ್, ಕಾರಿನಲ್ಲಿ ಹಳೆಯದೇ: ಬಾಕ್ಸ್‌ಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಟರ್ ತಗೊಂಡಿರುವವರು, ತಗೊಳ್ಳೋಣ ಅಂತ ಇರುವವರು ಇದನ್ನು ಸ್ವಲ್ಪ ಓದಿ. ಸರ್ವಿಸ್‌ಗೆ ಬಿಟ್ಟು ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಆಗಿದೆ ಅಂತ ಅಂದುಕೊಳ್ಳಬೇಡಿ. ನನ್ನ ಕಾರಿನ ಕೆಲಸ ಬಿಲ್‌ನಲ್ಲಿ ಆಗಿತ್ತು, ಇಂಜಿನ್‌ನಲ್ಲಿ ಆಗಿರಲಿಲ್ಲ.

ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ಹಾಕಿದರೆ ಎಲ್ಲರೂ ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ, ಅಷ್ಟೇ.

ಕಾರು 2002ರ ಮಾದರಿ. ಸಾಂತಾ ಕ್ರೂಜ್ ಕಡೆಯ ಒಬ್ಬ ರಿಟೈರ್ಡ್ ಇಂಜಿನಿಯರ್ ಹತ್ತಿರ ತಗೊಂಡಿದ್ದು. ಆಯಿಲ್, ಬ್ರೇಕ್, ಬೆಲ್ಟ್ ಎಲ್ಲ ಅವರೇ ಮಾಡಿಕೊಳ್ಳುತ್ತಿದ್ದರು. ಕಾರಿನ ಜೊತೆ ಒಂದು ನೋಟ್‌ಬುಕ್ಕೂ ಕೊಟ್ಟರು. ಯಾವ ತಿಂಗಳು, ಎಷ್ಟು ಮೈಲಿಗೆ ಏನು ಮಾಡಿದೆ ಅಂತ ಪುಟಪುಟ ಬರೆದಿಟ್ಟಿದ್ದರು. ಅವರಿಗೆ ಇನ್ನೊಂದು ಅಭ್ಯಾಸ ಇತ್ತು. ಹೊಸ ಆಯಿಲ್ ಫಿಲ್ಟರ್ ಹಾಕುವ ಮೊದಲು ಅದರ ತುದಿಯಲ್ಲಿ ಸೂಜಿಯಿಂದ ಗೀರಿ ತಿಂಗಳು, ವರ್ಷ ಬರೆಯುವುದು. ಮಾರ್ಕರ್ ಬಿಸಿ ಆಯಿಲ್‌ನಲ್ಲಿ ಅಳಿಸಿ ಹೋಗುತ್ತೆ, ಗೀರಿದ್ದು ಹೋಗಲ್ಲ ಅಂತ ಹೇಳಿದ್ದರು. ಆಗ ನಾನು ಸುಮ್ನೆ ತಲೆಯಾಡಿಸಿದ್ದೆ.

ಆಗ ನಾವು ಫ್ರೀಮಾಂಟ್‌ನಲ್ಲಿ ಅಪಾರ್ಟ್‌ಮೆಂಟ್‌ನಲ್ಲಿದ್ದೆವು. ಪಾರ್ಕಿಂಗ್‌ನಲ್ಲಿ ಕಾರ್ ರಿಪೇರಿ ಮಾಡುವಂತಿಲ್ಲ ಅಂತ ಲೀಸ್‌ನಲ್ಲೇ ಇತ್ತು. ಹಾಗಾಗಿ ಯುರೋಪಿಯನ್ ಕಾರು ನೋಡುವ ಒಂದು ಗ್ಯಾರೇಜಿಗೆ ಕೊಟ್ಟೆ. ಆಯಿಲ್, ಫಿಲ್ಟರ್, ಡ್ರೇನ್ ಪ್ಲಗ್ (ಹಳೇ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ವಾಷರ್, ಬ್ರೇಕ್ ಫ್ಲೂಯಿಡ್ ಬದಲಾವಣೆ, ಎಲ್ಲ ಸೇರಿ 600 ಡಾಲರ್ ದಾಟಿತು. ಜೊತೆಗೆ ಎರಡು ಪುಟದ ಇನ್‌ಸ್ಪೆಕ್ಷನ್ ಶೀಟ್, ತುಂಬಾ ಹಸಿರು ಟಿಕ್ ಮಾರ್ಕ್. ಕಾರು ತೊಳೆದೂ ಕೊಟ್ಟಿದ್ದರು. ಅದನ್ನು ಮಾತ್ರ ಚೆನ್ನಾಗಿ ಮಾಡಿದ್ದರು ಅಂತ ಹೇಳಲೇಬೇಕು.

ಸ್ವಲ್ಪ ಸಮಯದ ನಂತರ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಸ್ವಂತ ಗ್ಯಾರೇಜ್, ಸಿಮೆಂಟ್ ನೆಲ. ಬೆಳಗ್ಗೆ ಕಾರು ತೆಗೆದರೆ ನೆಲದ ಮೇಲೆ ಆಯಿಲ್ ಚುಕ್ಕೆ. ವಾಪಸ್ ತಗೊಂಡು ಹೋಗಿ ತೋರಿಸಿದೆ. ಲಿಫ್ಟ್‌ಗೆ ಏರಿಸಿದ್ದೂ ಆಯಿತು, ಇಳಿಸಿದ್ದೂ ಆಯಿತು. ಕೌಂಟರಿನಲ್ಲಿದ್ದವನು ಬಂದು, 'ರಿಯರ್ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು' ಅಂದ. ಕೈಗೆ ಕೊಟ್ಟ ಎಸ್ಟಿಮೇಟ್ ಸಾವಿರಗಳಲ್ಲಿತ್ತು.

ಇಂಜಿನ್ ಹಿಂಭಾಗದಲ್ಲಿ ಆಯಿಲ್ ಹೊರಗೆ ಬರದಂತೆ ತಡೆಯುವ ರಿಂಗ್ ಅದು. ಈ ಇಂಜಿನ್‌ಗಳಲ್ಲಿ ಆ ಸೀಲ್ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಗೊತ್ತಿರುವ ಕಾಯಿಲೆಯ ಹೆಸರು ಹೇಳಿದರೆ ಗಿರಾಕಿ ಎದುರು ಮಾತಾಡಲ್ಲ. ಆದರೆ ಆ ಸೀಲ್ ಸೋರಿದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಹನಿ ಬೀಳಬೇಕು. ಮನೆಗೆ ಬಂದು ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಆ ಜಾಗ ಒಣಗಿತ್ತು. ಹನಿ ನೇತಾಡುತ್ತಿದ್ದದ್ದು ಡ್ರೇನ್ ಪ್ಲಗ್ ತುದಿಯಲ್ಲಿ.

ಆವತ್ತೇ ಸಾಮಾನು ತರಿಸಿದೆ. ಕಾರು ಹತ್ತಿಸಿ ನಿಲ್ಲಿಸುವ ಒಂದು ಜೊತೆ ರ‍್ಯಾಂಪ್, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್, ಫಿಲ್ಟರ್ ಬಟ್ಟಲು ಬಿಚ್ಚುವ 74 ಎಂಎಂ ಟೂಲ್. ಧಾರವಾಡದ ಗೆಳೆಯ ಸಹಾಯಕ್ಕೆ ಬಂದವನು ನನ್ನನ್ನು ನೋಡಿದವನೇ, 'ಏನಲೇ, ಪೋರ್ಷೆ ತಗೊಂಡು ಅದರ ಬುಡಕ ಮಲ್ಕೊಂಡೀಯಲ್ಲೋ!' ಅಂತ ನಕ್ಕ.

ಡ್ರೇನ್ ಪ್ಲಗ್‌ಗೆ 8 ಎಂಎಂ ಆಲನ್ ಕೀ. ಅದನ್ನು 50 ನ್ಯೂಟನ್ ಮೀಟರ್‌ಗೆ ಬಿಗಿಮಾಡಬೇಕು, ಅಂದರೆ ಚಿಕ್ಕ ಹಿಡಿಕೆಯಲ್ಲೇ ಆಗುವಷ್ಟು. ಇದು ಅಲ್ಲಾಡಲಿಲ್ಲ. ಹಿಡಿಕೆಗೆ ಪೈಪ್ ತೂರಿಸಿ ಇಬ್ಬರೂ ಎಳೆದ ಮೇಲೆ ಟಕ್ ಅಂತ ಬಿಟ್ಟಿತು. ಕೈಯಲ್ಲಿ ತಿರುಗಿಸುತ್ತಾ ಬಂದರೆ ಪ್ಲಗ್ ಜೊತೆಗೇ ಅಲ್ಯೂಮಿನಿಯಂ ಥ್ರೆಡ್ ಎಳೆಎಳೆಯಾಗಿ, ಚಕ್ಕುಲಿಯ ಹಾಗೆ ಸುತ್ತಿಕೊಂಡು ಹೊರಗೆ ಬಂತು. ಏರ್ ಗನ್‌ನಲ್ಲಿ (ಗಾಳಿಯ ಒತ್ತಡದಲ್ಲಿ ಬೋಲ್ಟ್ ತಿರುಗಿಸುವ ಮೆಷಿನ್) ಹೊಡೆದು ಬಿಗಿದಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ವಾಷರ್ ಕೂಡ ಹೊಸದಲ್ಲ. ಮೆತ್ತನೆಯ ಅಲ್ಯೂಮಿನಿಯಂ ವಾಷರ್ ಅದು, ಒಂದೇ ಸಲ ಬಳಸಿ ಬಿಸಾಡಬೇಕು. ಇದು ಜಜ್ಜಿ ಜಜ್ಜಿ ತೆಳ್ಳಗಾಗಿ, ಅಂಚು ಹೊರಗೆ ಚಾಚಿಕೊಂಡಿತ್ತು. ಸಾವಿರಾರು ಡಾಲರಿನ ಸೀಲ್ ಸೋರಿಕೆ ಅಂದರೆ ಇದೇ.

ಆಮೇಲೆ ಫಿಲ್ಟರ್. ಬಾಕ್ಸ್‌ಟರ್‌ನಲ್ಲಿ ಅದು ಪ್ಲಗ್ ಪಕ್ಕದಲ್ಲೇ, ಕಪ್ಪು ಪ್ಲಾಸ್ಟಿಕ್ ಬಟ್ಟಲಿನ ಒಳಗೆ ಇರುತ್ತೆ. ಬಟ್ಟಲು ಇಳಿಸಿ, ಕಾಗದದ ಫಿಲ್ಟರ್ ಹೊರಗೆ ತೆಗೆದೆ. ಮೊಣಕೈವರೆಗೆ ಆಯಿಲ್ ಇಳಿಯಿತು. ಫಿಲ್ಟರ್‌ನ ತುದಿಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದರೆ ಸೂಜಿಯಲ್ಲಿ ಗೀರಿದ ತಿಂಗಳು, ವರ್ಷ. ನೋಟ್‌ಬುಕ್ ತಂದು ನೋಡಿದೆವು. ಆ ರಿಟೈರ್ಡ್ ಇಂಜಿನಿಯರ್ ಬರೆದ ಕೊನೆಯ ಪುಟದ ತಾರೀಖಿಗೆ ಸರಿಯಾಗಿ ಹೊಂದಿತು. ಗ್ಯಾರೇಜಿನ ಬಿಲ್‌ನಲ್ಲಿ 'ಆಯಿಲ್ ಫಿಲ್ಟರ್, 1' ಅಂತ ಬೇರೆ ಇದೆ, ಪಾರ್ಟ್ ನಂಬರ್ ಸಮೇತ.

ಒಂದು ಫಿಲ್ಟರ್‌ಗೆ ಇಷ್ಟು ರಗಳೆ ಯಾಕೆ ಅನ್ನಬಹುದು. ಆ ಬಟ್ಟಲಿನಲ್ಲಿ ಒಂದು ಬೈಪಾಸ್ ವಾಲ್ವ್ ಇದೆ. ಫಿಲ್ಟರ್ ಕಟ್ಟಿಕೊಂಡರೆ ಅದು ತೆರೆದು, ಆಯಿಲ್ ಸೋಸದೆ ನೇರ ಬೇರಿಂಗ್‌ಗಳಿಗೆ ಹೋಗುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಲೈಟೂ ಬರಲ್ಲ. ಇನ್ನೊಂದು, ಈ ಕಾಲದ ಬಾಕ್ಸ್‌ಟರ್‌ನ ಇಂಟರ್‌ಮೀಡಿಯೆಟ್ ಶಾಫ್ಟ್ (ಇಂಜಿನ್ ಒಳಗೆ ಚೈನ್ ಓಡಿಸುವ ದಂಡ) ಬೇರಿಂಗ್ ಕಥೆ. ಅದು ಒಡೆದರೆ ಇಂಜಿನ್ನೇ ಹೋಯಿತು ಅಂತ ಲೆಕ್ಕ. 2001ರಿಂದ 2005ರ ಮಾದರಿಗಳ ವಿಷಯದಲ್ಲಿ ಮಾಲೀಕರು ಇಲ್ಲಿ ಕೋರ್ಟಿಗೆ ಹೋಗಿ 2013ರಲ್ಲಿ ರಾಜಿ ಆಗಿದೆ. ಬೇರಿಂಗ್ ಸವೆಯುತ್ತಿದೆಯಾ ಅಂತ ಮನೆಯಲ್ಲೇ ನೋಡುವ ಸುಲಭದ ದಾರಿ ಅಂದರೆ ತೆಗೆದ ಫಿಲ್ಟರ್. ಬ್ಲೇಡಿನಲ್ಲಿ ಕಾಗದ ಕತ್ತರಿಸಿ, ಮಡಿಕೆ ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಬೇಕು. ಮಿಣಮಿಣ ಹೊಳೆಯುವ ಪುಡಿ ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ನನ್ನದರಲ್ಲಿ ಚೈನ್ ಗೈಡ್‌ನ ಒಂದೆರಡು ಪ್ಲಾಸ್ಟಿಕ್ ಚೂರು ಬಿಟ್ಟರೆ ಏನೂ ಇರಲಿಲ್ಲ, ಪುಣ್ಯ.

ಫಿಲ್ಟರ್ ನೋಡಿದ ಮೇಲೆ ಬ್ರೇಕ್ ಫ್ಲೂಯಿಡ್ ಬಗ್ಗೆ ಅನುಮಾನ ಬಂತು. ಚಕ್ರ ಬಿಚ್ಚಿದೆ. ಬಾಕ್ಸ್‌ಟರ್‌ನ ಒಂದೊಂದು ಕ್ಯಾಲಿಪರ್‌ಗೂ (ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಭಾಗ) ಫ್ಲೂಯಿಡ್ ಹೊರಗೆ ಬಿಡುವ ಎರಡೆರಡು ಬ್ಲೀಡರ್ ನಿಪ್ಪಲ್, ತಲೆಗೆ ರಬ್ಬರ್ ಟೋಪಿ. ಹಳೇ ಫ್ಲೂಯಿಡ್ ಹೊರಗೆ ಹೋಗಬೇಕಾದರೆ ಆ ಟೋಪಿ ತೆಗೆಯಲೇಬೇಕು. ನಾಲ್ಕು ಚಕ್ರದಲ್ಲೂ ಟೋಪಿಯ ಸುತ್ತ ಬ್ರೇಕ್ ಧೂಳು ಗಟ್ಟಿಯಾಗಿ ಕೂತಿತ್ತು, ಎಲ್ಲೂ ಒಂದು ಬಿರುಕಿಲ್ಲ. ನಿಪ್ಪಲ್ ಮೇಲೆ ರೆಂಚ್ ಕೂತ ಗುರುತೂ ಇಲ್ಲ. ಮೇಲಿನ ಡಬ್ಬಿಯಿಂದ ಒಂದಿಷ್ಟು ಹೀರಿ ಹೊಸದು ಸುರಿದಿದ್ದಾರೆ ಅಷ್ಟೇ. ಮುಚ್ಚಳ ತೆಗೆದು ನೋಡಿದವರಿಗೆ ಫ್ಲೂಯಿಡ್ ತಿಳಿಯಾಗಿ ಕಾಣುತ್ತೆ. ಕ್ಯಾಲಿಪರ್‌ನಿಂದ ನಾನು ತೆಗೆದದ್ದು ಕಡು ಕಂದು.

ಇದು ದುಡ್ಡಿನ ಮಾತಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತೆ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯಿಂದ ಹೈವೇ 9ರಲ್ಲಿ ಸಾರಟೋಗಾ ಕಡೆ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತುತ್ತೇವೆ, ಅಲ್ವಾ? ಅಲ್ಲಿ ಫ್ಲೂಯಿಡ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ. ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ ಬಂದಿದ್ದೆ. ನನಗೆ ಸಿಟ್ಟು ಬಂದದ್ದು ಫಿಲ್ಟರ್‌ಗಿಂತ ಜಾಸ್ತಿ ಇದಕ್ಕೆ.

ಹೀಗೆ ಯಾಕಾಗುತ್ತೆ? ಇಲ್ಲಿ ತುಂಬಾ ಗ್ಯಾರೇಜ್‌ಗಳಲ್ಲಿ ಮೆಕ್ಯಾನಿಕ್‌ಗೆ ಸಂಬಳ ಫ್ಲಾಟ್ ರೇಟ್ ಲೆಕ್ಕದಲ್ಲಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಹೇಳುವ ಪುಸ್ತಕದಲ್ಲಿ ಒಂದು ಗಂಟೆ ಅಂತಿದ್ದರೆ ಒಂದು ಗಂಟೆಯ ದುಡ್ಡು, ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರೂ ಅಷ್ಟೇ. ಎಂಟು ನಿಪ್ಪಲ್ ಬಿಚ್ಚುವುದನ್ನು ಹಾರಿಸಿದರೆ ಅವನಿಗೆ ಲಾಭ. ನೋಡುವವರೂ ಯಾರಿಲ್ಲ. ಬೆಂಗಳೂರಿನ ಗ್ಯಾರೇಜಿನಲ್ಲಾದರೆ ಟೀ ಲೋಟ ಹಿಡಿದು ಮೆಕ್ಯಾನಿಕ್ ತಲೆ ಮೇಲೇ ನಿಂತಿರುತ್ತೇವೆ. 'ಹಳೇ ಪಾರ್ಟ್ ತೋರ್ಸಪ್ಪ' ಅಂತ ಕೇಳುವುದು ಅಲ್ಲಿ ಮಾಮೂಲು, ಅವನೂ ಬೇಜಾರು ಮಾಡ್ಕೊಳ್ಳಲ್ಲ. ಇಲ್ಲಿ ಗಿರಾಕಿ ಒಳಗೆ ಬರುವಂತಿಲ್ಲ ಅಂತ ಬೋರ್ಡ್ ಹಾಕಿ, ಎಸಿ ರೂಮಿನಲ್ಲಿ ಕಾಫಿ ಕೊಟ್ಟು ಕೂರಿಸುತ್ತಾರೆ.

ಆದರೆ ಕೇಳುವ ಹಕ್ಕು ಇಲ್ಲೂ ಇದೆ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಕೆಲಸ ಶುರು ಮಾಡುವ ಮೊದಲು ಎಸ್ಟಿಮೇಟ್ ಬರೆದು ಕೊಡಬೇಕು. ಬದಲಾಯಿಸಿದ ಪಾರ್ಟ್ ಬೇಕು ಅಂದರೆ ಕೊಡಬೇಕು. ಆದರೆ ಕೆಲಸಕ್ಕೆ ಒಪ್ಪಿಗೆ ಕೊಡುವಾಗಲೇ ಕೇಳಿರಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ 'ಕಸಕ್ಕೆ ಹೋಯಿತು' ಅನ್ನುತ್ತಾರೆ. ಬಾಯಲ್ಲಿ ಹೇಳಿ ಬಿಡಬೇಡಿ, ಎಸ್ಟಿಮೇಟ್ ಮೇಲೆಯೇ ಬರೆಸಿ.

ನಾನು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಕೊಟ್ಟೆ. ರಾಜ್ಯ ಸರ್ಕಾರದ್ದು, ದೂರು ಕೊಡಲು ಖರ್ಚಿಲ್ಲ. ಫಿಲ್ಟರ್, ನೋಟ್‌ಬುಕ್ ಪುಟ, ಧೂಳು ಹಿಡಿದ ಬ್ಲೀಡರ್‌ಗಳ ಫೋಟೋ ಎಲ್ಲ ಕಳಿಸಿದೆ. ಗ್ಯಾರೇಜಿನವರು ಮೊದಲು 'ಮುಂದಿನ ಆಯಿಲ್ ಚೇಂಜ್ ಫ್ರೀ' ಅಂದರು. ಆ ಗ್ಯಾರೇಜಿನಲ್ಲಿ ಇನ್ನೊಂದು ಆಯಿಲ್ ಚೇಂಜ್! ಬೇಡಪ್ಪಾ ಅಂದೆ. ಕೊನೆಗೆ ಫಿಲ್ಟರ್ ಮತ್ತು ಬ್ರೇಕ್ ಫ್ಲೂಯಿಡ್ ದುಡ್ಡು ವಾಪಸ್ ಬಂತು. ಥ್ರೆಡ್ ಹಾಳಾದದ್ದಕ್ಕೆ ಬಿಡಿಗಾಸೂ ಇಲ್ಲ, 'ನೀವೇ ಬಿಚ್ಚುವಾಗ ಹಾಳು ಮಾಡಿರಬಹುದು' ಅಂದರು. ಹೊಸ ಥ್ರೆಡ್ ಇನ್ಸರ್ಟ್ ಹಾಕಿಸಿದ್ದು ನನ್ನ ಖರ್ಚು. ಅದಕ್ಕೇ ಹೇಳುವುದು, ಅನುಮಾನ ಇದ್ದರೆ ಬೋಲ್ಟ್‌ಗೆ ಕೈ ಹಾಕುವ ಮೊದಲಿನಿಂದಲೇ ವಿಡಿಯೋ ಮಾಡಿಕೊಳ್ಳಿ.

ಈಗ ಆಯಿಲ್, ಫಿಲ್ಟರ್, ಬ್ರೇಕ್ ಫ್ಲೂಯಿಡ್ ಎಲ್ಲ ಮನೆಯಲ್ಲೇ. ಎಂಟು ಲೀಟರಿಗಿಂತ ಜಾಸ್ತಿ ಆಯಿಲ್ ಹಿಡಿಯುತ್ತೆ ಈ ಇಂಜಿನ್, ಹಾಗಾಗಿ ಐದು ಕ್ವಾರ್ಟ್ (ಸುಮಾರು 4.7 ಲೀಟರ್) ಡಬ್ಬಿ ಎರಡು ಬೇಕು. ಡಬ್ಬಿಯ ಮೇಲೆ ಪೋರ್ಷೆ ಎ40 ಅಂತ, ಅಂದರೆ ಪೋರ್ಷೆ ಒಪ್ಪಿದ ಆಯಿಲ್ ಅನ್ನುವ ಗುರುತು, ಇದೆಯಾ ನೋಡಿ ತಗೊಳ್ಳಿ. ಫಿಲ್ಟರ್, ವಾಷರ್ ಸೇರಿಸಿದರೂ 100 ಡಾಲರ್ ಒಳಗೇ ಮುಗಿಯುತ್ತೆ. ಫಿಲ್ಟರ್ ಬಟ್ಟಲನ್ನು 25 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ, ಪ್ಲಾಸ್ಟಿಕ್ ಅದು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾವತ್ತೂ ಹೋಗಬೇಡಿ. ರ‍್ಯಾಂಪ್ ಅಥವಾ ಸ್ಟ್ಯಾಂಡ್ ಇಲ್ಲದಿದ್ದರೆ ಆವತ್ತು ಕೆಲಸವೇ ಬೇಡ.

ಕ್ಲಚ್ ಮತ್ತು ಆ ಬೇರಿಂಗ್ ಕೆಲಸ ನಾನು ಮುಟ್ಟಲ್ಲ. ಗೇರ್‌ಬಾಕ್ಸ್ ಇಳಿಸಬೇಕು, ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಲಾಕ್ ಮಾಡಬೇಕು. ಚೈನ್ ಒಂದು ಹಲ್ಲು ತಪ್ಪಿದರೆ ಇಂಜಿನ್ ಕೈಬಿಟ್ಟ ಹಾಗೇ. ಅದಕ್ಕೆ ಪೋರ್ಷೆ ಮಾತ್ರ ಮಾಡುವ ಒಬ್ಬ ಹಳೇ ಮೆಕ್ಯಾನಿಕ್ ಸಿಕ್ಕಿದ್ದಾರೆ. ಕೆಲಸ ಮುಗಿಸಿ, ಕೇಳುವ ಮೊದಲೇ ಹಳೇ ಬೇರಿಂಗ್ ಜಿಪ್ ಕವರಿನಲ್ಲಿ ಹಾಕಿ ಕೈಗಿಟ್ಟರು. ಅವರು ಕೇಳಿದಷ್ಟು ಕೊಡಲು ನನಗೆ ಒಂಚೂರೂ ಬೇಜಾರಿಲ್ಲ.

ವಾರಂಟಿ ಇರುವ ಹೊಸ ಮಜ್ಡಾ ಮಿಯಾಟಾ, ಸುಬಾರು ಬಿಆರ್‌ಝೆಡ್ ಥರದ ಕಾರು ಇಟ್ಟುಕೊಂಡವರು ನಾವೇ ಮಾಡಿದರೆ ವಾರಂಟಿ ಹೋಗುತ್ತಾ ಅಂತ ಕೇಳುತ್ತಾರೆ. ಸ್ವಂತ ಕೈಯಿಂದ ಆಯಿಲ್ ಬದಲಾಯಿಸಿದ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ, 1975ರ ಮ್ಯಾಗ್ನಸನ್ ಮಾಸ್ ಕಾಯ್ದೆ ಇದೆ. ಆಯಿಲ್, ಫಿಲ್ಟರ್ ತಗೊಂಡ ರಸೀದಿ ಮತ್ತು ಮೈಲಿ ಮೀಟರಿನ ಫೋಟೋ ಇಟ್ಟುಕೊಂಡಿರಿ.

ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ. ರಾಜ್ಯದ ಸರ್ಟಿಫೈಡ್ ಕಲೆಕ್ಷನ್ ಸೆಂಟರ್‌ಗಳಲ್ಲಿ ಸುಮ್ನೆ ತಗೊಳ್ಳುತ್ತಾರೆ, ಕೇಳಿದರೆ ಗ್ಯಾಲನ್‌ಗೆ 40 ಸೆಂಟ್ ಕೊಡುತ್ತಾರೆ ಕೂಡ. ಫ್ರೀಮಾಂಟ್, ಯೂನಿಯನ್ ಸಿಟಿ ಕಡೆ ಬಾಕ್ಸ್‌ಟರ್ ಇರುವವರು 74 ಎಂಎಂ ಟೂಲ್‌ಗೆ ದುಡ್ಡು ಹಾಕಬೇಡಿ, ನನ್ನ ಹತ್ತಿರ ಇದೆ. ಬಂದು ತಗೊಂಡು ಹೋಗಿ, ಒರೆಸಿ ವಾಪಸ್ ಕೊಡಿ.